ಸೂಜಿ ಅಳಿಸಿದ ಸಾಕ್ಷಿ

ಭಾರಲೋಹ ಮತ್ತು ಗಂಡಸರ ಬಂಜೆತನದ ಬಗ್ಗೆ ಬರುವ ಸಮೀಕ್ಷಾ ಲೇಖನಗಳ ಕೊನೆಯ ಪ್ಯಾರಾ ನನಗೀಗ ಬಾಯಿಪಾಠ. ಫಲಿತಾಂಶಗಳಲ್ಲಿ ಒಮ್ಮತವಿಲ್ಲವಂತೆ, ಇನ್ನಷ್ಟು ಅಧ್ಯಯನ ಬೇಕಂತೆ. ಬರೆಯುವವರು ತಕ್ಕಡಿಯ ಒಂದು ತಟ್ಟೆಗೆ ರಕ್ತದ ಸೀಸ ಹಾಕುತ್ತಾರೆ, ಇನ್ನೊಂದಕ್ಕೆ ಕೂದಲಿನ ಪಾದರಸ ಹಾಕುತ್ತಾರೆ, ಮುಳ್ಳು ನಡುವೆ ನಿಂತಿತೆಂದು ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಕೈ ತೊಳೆದ ನೀರಿನಲ್ಲಿ ಕೊಚ್ಚಿಹೋದ ಒಂದು ಪ್ರಬಂಧದ ಪರ ನಾಲ್ಕು ಮಾತು ಆಡಬೇಕಿದೆ. 2003ರಲ್ಲಿ 'ಹ್ಯೂಮನ್ ರಿಪ್ರೊಡಕ್ಷನ್' ಪತ್ರಿಕೆಯಲ್ಲಿ ಸೂಸನ್ ಬೆನಾಫ್ ಮತ್ತು ಸಂಗಡಿಗರು ಬರೆದದ್ದು ಅದು. ವೀರ್ಯದ್ರವದಲ್ಲಿ ಸೀಸ ಹೆಚ್ಚಿದ್ದರೆ ಐವಿಎಫ್‌ನಲ್ಲಿ, ಅಂದರೆ ಅಂಡ-ವೀರ್ಯಾಣುಗಳನ್ನು ಗಾಜಿನ ತಟ್ಟೆಯಲ್ಲಿ ಕೂಡಿಸುವ ಚಿಕಿತ್ಸೆಯಲ್ಲಿ, ಆ ವೀರ್ಯಾಣು ಅಂಡವನ್ನು ಫಲಿತಗೊಳಿಸುವ ಸಾಧ್ಯತೆ ಕುಗ್ಗುತ್ತದೆ ಎಂಬುದು ಅದರ ವಾದ. ಉಲ್ಲೇಖಿಸುವವರು ಬೇಕಾದಷ್ಟಿದ್ದಾರೆ. ಓದಿದವರು ಕಡಿಮೆ ಎಂದು ನನ್ನ ಗುಮಾನಿ.

ಹಿನ್ನೆಲೆ ಬಲ್ಲವರಿಗೆ ಗೊತ್ತಿರುವಂಥದ್ದೇ. 1975ರಲ್ಲಿ ರೊಮೇನಿಯಾದ ಬ್ಯಾಟರಿ ಕಾರ್ಖಾನೆಯ ಕೆಲಸಗಾರರ ಮೇಲೆ ಸೀಸದ ಅಧ್ಯಯನ ಬಂತು. 2002ರಲ್ಲಿ ಬ್ರಿಟನ್, ಇಟಲಿ, ಬೆಲ್ಜಿಯಂಗಳ 503 ಗಂಡಸರ ಮೇಲೆ. ಈ ಎರಡನೆಯ ಅಧ್ಯಯನದಲ್ಲಿ ರಕ್ತದ ಸೀಸ ಡೆಸಿಲೀಟರಿಗೆ 50 ಮೈಕ್ರೊಗ್ರಾಂ ದಾಟಿದವರ ವೀರ್ಯಾಣು ಸಾಂದ್ರತೆ 49% ಕಡಿಮೆ ಇತ್ತು. ಹಾನಿಯ ಹೊಸ್ತಿಲು 44ರ ಆಸುಪಾಸು ಎಂದು ಅಂದಾಜಾಯಿತು. ಒಳ್ಳೆಯ ಕೆಲಸ, ಆಕ್ಷೇಪವಿಲ್ಲ. ಆದರೆ ಅದು ಹೆಚ್ಚಾಗಿ ತಲೆ ಎಣಿಸಿದ ಲೆಕ್ಕ. ಅಂಡದ ಮುಂದೆ ಆ ತಲೆ ಏನು ಮಾಡುತ್ತದೆ ಎಂದು ನೋಡಿದ್ದು ಬೆನಾಫ್ ತಂಡ.

ಮೊದಲ ಸಲ ಐವಿಎಫ್‌ಗೆ ಬಂದ 140 ದಂಪತಿಗಳನ್ನು ಸಾಲಾಗಿ, ಆರಿಸದೆ ತೆಗೆದುಕೊಂಡರು. ವೀರ್ಯದ್ರವದಲ್ಲಿ ಸೀಸ ಅಳೆದರು. ಜೊತೆಗೆ ಮೂರು ಗುಣ ಪರೀಕ್ಷಿಸಿದರು: ಅಂಡದ ಕವಚದ ಸಕ್ಕರೆಯನ್ನು ಗುರುತು ಹಿಡಿಯುವ ಮ್ಯಾನೋಸ್ ಗ್ರಾಹಕಗಳು ವೀರ್ಯಾಣುವಿನ ಮೇಲಿವೆಯೇ, ಗುರುತು ಸಿಕ್ಕಾಗ ಅದರ ತಲೆಯ ಮೇಲಿನ ಟೊಪ್ಪಿಗೆ ಒಡೆಯುತ್ತದೆಯೇ, ಒಡೆಯಬಾರದ ಹೊತ್ತಿನಲ್ಲಿ ಸುಮ್ಮನಿರುತ್ತದೆಯೇ. ಆಕ್ರೊಸೋಮ್ ಎಂಬ ಈ ಟೊಪ್ಪಿಗೆ ಅಸಲಿಗೆ ಕಿಣ್ವ ತುಂಬಿದ ಚೀಲ. ಅಂಡದ ಮೈಗೆ ತಾಗಿದ ಮೇಲೆ ಒಡೆದು ದಾರಿ ಕೊರೆಯಬೇಕು. ಸೀಸ ಹೆಚ್ಚಿದವರಲ್ಲಿ ಮೊದಲೆರಡು ಗುಣ ಕುಗ್ಗಿದ್ದವು, ಮೂರನೆಯದು ಕೆಟ್ಟಿತ್ತು. ದಿಬ್ಬಣ ಮದುವೆಮನೆ ಮುಟ್ಟುವ ಮೊದಲೇ ದಾರಿಯಲ್ಲಿ ಪಟಾಕಿಯೆಲ್ಲ ಸುಟ್ಟುಕೊಂಡಂತೆ.

ಇಷ್ಟಕ್ಕೇ ನಿಂತಿದ್ದರೆ ನೂರೊಂದನೆಯ ಸಹಸಂಬಂಧದ ಪ್ರಬಂಧವಾಗುತ್ತಿತ್ತು. ಸೀಸ ಹೆಚ್ಚಿದವನು ಬೀಡಿ ಸೇದುತ್ತಿರಬಹುದು, ಕ್ಯಾಡ್ಮಿಯಂ ಒಳಗೆ ಹೋಗಿರಬಹುದು, ಮತ್ತಿನ್ನೇನೋ ಇರಬಹುದು. ಆದ್ದರಿಂದ ಅವರು ಇನ್ನೊಂದು ಹೆಜ್ಜೆ ಇಟ್ಟರು. ಮಕ್ಕಳಾದ, ದೋಷವಿಲ್ಲದ ದಾನಿಗಳ ವೀರ್ಯಾಣು ತಂದು ಗಾಜಿನ ತಟ್ಟೆಯಲ್ಲಿ ಸೀಸಕ್ಕೆ ಒಡ್ಡಿದರು. ರೋಗಿಗಳಲ್ಲಿ ಕಂಡ ಕೇಡೇ ಅಲ್ಲೂ ಕಂಡಿತು. ಬೀಡಿಯಿಲ್ಲ, ಊಟವಿಲ್ಲ, ವಯಸ್ಸಿಲ್ಲ. ವೀರ್ಯಾಣು ಮತ್ತು ಸೀಸ, ಎರಡೇ. ಸಮೀಕ್ಷಕರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಅವರ ಕೋಷ್ಟಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಕುಂದು ಇಲ್ಲವೆಂದಲ್ಲ. ಒಂದೇ ತಂಡದ ಕೆಲಸ, ತಟ್ಟೆಯ ಸೀಸ ಮೈಯೊಳಗಿನ ಸೀಸವಲ್ಲ, ಅಳೆದದ್ದು ಫಲೀಕರಣವನ್ನೇ ಹೊರತು ಹುಟ್ಟಿದ ಮಗುವನ್ನಲ್ಲ. ಒಪ್ಪಿದೆ, ಮುಂದೆ ಹೋಗೋಣ.

ಮುಂದೆ ಇರುವುದು ಇಕ್ಸಿ. 1992ರಲ್ಲಿ ಬ್ರಸೆಲ್ಸ್‌ನಲ್ಲಿ ಪಲೆರ್ಮೊ ಮತ್ತು ಸಂಗಡಿಗರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಚುಚ್ಚಿ ಬಸಿರು ನಿಲ್ಲಿಸಿದರು. ಅದರಿಂದ ತಂದೆಯಾದವರ ಸಂತೋಷವನ್ನು ಅಲ್ಲಗಳೆಯುವಷ್ಟು ಕಟುಕ ನಾನಲ್ಲ. ಆದರೆ ಸೂಜಿ ಏನು ಮಾಡುತ್ತದೆ ನೋಡಿ. ಗುರುತು ಹಿಡಿಯುವ ಕೆಲಸವಿಲ್ಲ, ಟೊಪ್ಪಿಗೆ ಒಡೆಯುವ ಕೆಲಸವಿಲ್ಲ. ಸೀಸ ಎಲ್ಲಿ ಕೇಡು ಮಾಡಿತೆಂದು ಬೆನಾಫ್ ತೋರಿಸಿದರೋ ಆ ಹಂತವನ್ನೇ ದಾಟಿಸಿಬಿಡುತ್ತದೆ. ಹೀಗಿರುವಾಗ ಐವಿಎಫ್, ಇಕ್ಸಿ ಎರಡನ್ನೂ ಒಂದೇ ಚೀಲಕ್ಕೆ ಸುರಿದು 'ಸೀಸಕ್ಕೂ ಫಲೀಕರಣಕ್ಕೂ ನಂಟಿಲ್ಲ' ಎನ್ನುವುದು, ಬಾಗಿಲು ಮುರಿದು ಒಳಹೋದವನನ್ನು ಬೀಗದ ಕೈ ಸರಿಯಿತ್ತೇ ಎಂದು ಕೇಳಿದ ಹಾಗೆ. ಕೇಡು ಟೊಪ್ಪಿಗೆಗೆ ಮಾತ್ರ ಸೀಮಿತವೂ ಅಲ್ಲ. ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೊಟಮಿನ್‌ಗೆ ಸತು ಬೇಕು. ಸತುವಿನ ಜಾಗದಲ್ಲಿ ಸೀಸ ಕೂರಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಆ ಗಂಟನ್ನು ಸೂಜಿ ಹಾಗೇ ಒಳಗೆ ಇಳಿಸುತ್ತದೆ.

ಪಾದರಸದ ವಿಷಯದಲ್ಲಿ ಈ ಸಮೀಕ್ಷಕರ ಪಾಂಡಿತ್ಯ ಇನ್ನೂ ಚೆಂದ. ಬಾಸ್ಟನ್‌ನ ಒಂದು ಫಲವತ್ತತೆ ಕೇಂದ್ರದ ಗಂಡಸರಲ್ಲಿ ಕೂದಲಿನ ಪಾದರಸ ಹೆಚ್ಚಿದ್ದವರ ವೀರ್ಯವೇ ಚೆನ್ನಾಗಿತ್ತು ಎಂದು 2018ರಲ್ಲಿ ಪ್ರಕಟವಾಯಿತು. ತಕ್ಷಣ ಅದು 'ಹಾನಿಯಿಲ್ಲ' ತಟ್ಟೆಗೆ ಬಿತ್ತು. ಕೂದಲಿನ ಪಾದರಸವೆಂದರೆ ಬಹುಪಾಲು ತಿಂದ ಮೀನಿನ ಲೆಕ್ಕ. ಮೀನಿನ ಜೊತೆ ಒಳ್ಳೆಯ ಕೊಬ್ಬೂ ಬರುತ್ತದೆ. ಹಾಂಗ್‌ಕಾಂಗ್‌ನಲ್ಲಿ 2002ರಲ್ಲಿ ಬಂಜೆತನವಿದ್ದ ದಂಪತಿಗಳ ರಕ್ತದಲ್ಲೇ ಪಾದರಸ ಹೆಚ್ಚು ಕಂಡಿತ್ತು, ಅಲ್ಲೂ ಕಡಲ ಆಹಾರದ ನಂಟಿತ್ತು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಸಿಗುವುದು ಸತ್ಯವಲ್ಲ, ಸರಾಸರಿ. ಇನ್ನು ಎದುರು ಪಾಳಯದವರು. 1992ರ ಡೆನ್ಮಾರ್ಕ್ ಸಂಶೋಧಕರ ಸಮೀಕ್ಷೆಯಲ್ಲಿ ಮಿಲಿಲೀಟರಿಗೆ 113 ಮಿಲಿಯನ್‌ನಿಂದ 66 ಮಿಲಿಯನ್‌ಗೆ ಇಳಿದ ವೀರ್ಯಾಣುಗಳ ಅಂಕಿ ತೋರಿಸಿ, ಪಕ್ಕದಲ್ಲಿ ಕಾರ್ಖಾನೆಯ ಹೊಗೆಯ ಚಿತ್ರ ಅಂಟಿಸುವವರು. ಅವರ ಜೊತೆ ಜಗಳವಾಡಲು ಈಗ ಪುರಸೊತ್ತಿಲ್ಲ.

ಇದೆಲ್ಲ ದೂರದ ಪಂಡಿತರ ಕಿತ್ತಾಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನಗೆ ಪರಿಚಯದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಹಳೇ ಬ್ಯಾಟರಿ ಒಡೆದು, ಪ್ಲೇಟು ತೆಗೆದು, ಸೀಸ ಕರಗಿಸಿ ಮಾರುತ್ತಾನೆ. ಮದುವೆಯಾಗಿ ಆರು ವರ್ಷ. ಅವನ ಫೈಲು ತಂದು ನನ್ನ ಮುಂದಿಟ್ಟ. ಕೌಂಟ್, ಮೊಟಿಲಿಟಿ ಎರಡೂ ಗಡಿಯ ಮೇಲೆಯೇ. 'ಕಾರಣ ತಿಳಿಯದ ಬಂಜೆತನ' ಎಂದು ಷರಾ. ಕೆಳಗೆ ಇಕ್ಸಿ ಪ್ಯಾಕೇಜಿನ ದರ. ಮೊದಲ ಪುಟದಲ್ಲಿ, ಉದ್ಯೋಗ: 'ಬಿಸಿನೆಸ್'. ಬೆನಾಫ್ ತಮ್ಮ ಪ್ರಬಂಧದ ಕೊನೆಗೆ ಹೇಳಿದ್ದು ಇದನ್ನೇ: ಕಾರಣ ತಿಳಿಯದ ಗಂಡಸರ ಬಂಜೆತನದಲ್ಲಿ ಸೀಸದ ಪಾಲಿರಬಹುದು. ಆದರೆ ಅವನ ಫೈಲಿನಲ್ಲಿ ಎಲ್ಲೂ ರಕ್ತದ ಸೀಸ ಪರೀಕ್ಷೆ ಬರೆದಿರಲಿಲ್ಲ. ಸೀಸದ ವಿಷಕ್ಕೆಂದೇ ರಾಷ್ಟ್ರೀಯ ರೆಫರಲ್ ಕೇಂದ್ರ ಶುರುವಾದದ್ದು ಇದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ರಕ್ತದಲ್ಲಿನ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು, ವೀರ್ಯಾಣು ತಯಾರಾಗಲು ಸುಮಾರು 74 ದಿನ. ಮೂಳೆ ಸೇರಿದ್ದು ವರ್ಷಗಟ್ಟಲೆ ಕೂರುತ್ತದೆ, ನಿಜ. ಆದರೂ ನಾಲ್ಕು ತಿಂಗಳು ಕುಲುಮೆಯಿಂದ ದೂರವಿದ್ದು ಮತ್ತೆ ಪರೀಕ್ಷೆ ಮಾಡಿಸು ಎನ್ನಲು ಪ್ಯಾಕೇಜು ಬೇಕಿರಲಿಲ್ಲ.

ಅಷ್ಟರಲ್ಲಿ ಅವನ ಮಾವ ಶಕ್ತಿಗೆಂದು ವಸಂತಕುಸುಮಾಕರ ರಸ ಎಂಬ ಆಯುರ್ವೇದದ ಔಷಧಿ ತಂದುಕೊಟ್ಟಿದ್ದರು. ಅದರಲ್ಲಿ ನಾಗಭಸ್ಮ ಸೇರುತ್ತದೆ. ನಾಗ ಎಂದರೆ ಸೀಸ ಎಂದು ನಾನೇ ಹೇಳಬೇಕಾಯಿತು.

ಫೈಲಿನ 'ಬಿಸಿನೆಸ್' ಪಕ್ಕದಲ್ಲಿ 'ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವುದು' ಎಂದು ಪೆನ್ನಿನಲ್ಲಿ ಬರೆದು ಕಳಿಸಿದೆ. ಮುಂದಿನ ಸಲ ಅವನು ತಂದದ್ದು ಹೊಸ ಫೈಲು, ಕಂಪ್ಯೂಟರಿನಲ್ಲಿ ಅಚ್ಚಾದದ್ದು. ಉದ್ಯೋಗ: ಬಿಸಿನೆಸ್.