ಮಣ್ಣಿನ ಪರವಾಗಿ ಒಂದು ಗ್ರಂಥ

ಮನೆ ಕಟ್ಟುವ ಸಾಮಗ್ರಿಯನ್ನು ಕುರಿತ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿಯವರ (1900–1989) ‘ಆರ್ಕಿಟೆಕ್ಚರ್ ಫಾರ್ ದಿ ಪೂರ್’ ಓದಿದವರು ಈ ಪ್ರಶ್ನೆಯನ್ನು ಕೇಳಲಾರರು. 1969ರಲ್ಲಿ ಬೇರೆ ಹೆಸರಿನಿಂದ ಈಜಿಪ್ಟಿನಲ್ಲಿ ಪ್ರಕಟವಾಗಿ, 1973ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಮೂಲಕ ಹೊರಬಂದ ಈ ಗ್ರಂಥ ಒಳ್ಳೆಯ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈಜಿಪ್ಟಿಗೆ ಮರವೂ ಉಕ್ಕೂ ಬರುವುದು ನಿಂತಿತು. ಬರಿಯ ಮಣ್ಣಿನಿಂದಲೇ ಮನೆ ಕಟ್ಟಲು ಫಾತಿ ಹೊರಟರು. ಗೋಡೆಗಳು ನಿಂತವು, ಕಮಾನಿನ ಚಾವಣಿ ಕುಸಿಯಿತು. ಆಗ, ದಕ್ಷಿಣದ ಆಸ್ವಾನಿನ ಕಡೆ ನೂಬಿಯನ್ನರು ಮರದ ಆಧಾರವಿಲ್ಲದೆಯೇ ಕಮಾನು ಕಟ್ಟುತ್ತಾರೆಂದು ತಿಳಿದು ಅಲ್ಲಿಗೆ ಹೋದರು. ಹುಲ್ಲು ಹೆಚ್ಚಾಗಿ ಬೆರೆಸಿ ಹಗುರಮಾಡಿದ ಹಸಿ ಇಟ್ಟಿಗೆಗಳನ್ನು ಕೊನೆಯ ಗೋಡೆಗೆ ಒರಗಿಸಿ, ವರಸೆಯ ಮೇಲೆ ವರಸೆ ಓರೆಯಾಗಿ ಕೂರಿಸುವುದು ಅವರ ಕ್ರಮ. ಇಬ್ಬರು ಮೇಸ್ತ್ರಿಗಳು ಒಂದೂವರೆ ದಿನದಲ್ಲಿ ಒಂದು ಕೋಣೆಗೆ ಸೂರು ಕೂಡಿಸಿಬಿಟ್ಟರು. ಓದುಬರಹವಿಲ್ಲದ ಕೆಲಸಗಾರರ ಮುಂದೆ ಪದವೀಧರನೊಬ್ಬ ಶಿಷ್ಯನಾಗಿ ನಿಲ್ಲುವ ಈ ಭಾಗ ಗ್ರಂಥದಲ್ಲೆಲ್ಲ ಶ್ರೇಷ್ಠವಾದುದು.

ಮಣ್ಣಿನ ಗುಣ ಕವಿಕಲ್ಪನೆಯೆನ್ನುವವರಿಗೆ 1964ರಲ್ಲಿ ಕೈರೋದಲ್ಲಿ ನಡೆದ ಪ್ರಯೋಗ ಉತ್ತರ ಹೇಳುತ್ತದೆ. ಅರ್ಧ ಮೀಟರು ದಪ್ಪದ ಮಣ್ಣಿನ ಗೋಡೆಯ ಕೋಣೆಯೊಳಗೆ ಇಡೀ ದಿನ ಉಷ್ಣಾಂಶ 21ರಿಂದ 23 ಡಿಗ್ರಿ ಸೆಲ್ಸಿಯಸ್‌ನೊಳಗೇ ಇತ್ತು. ತೆಳುವಾದ ಕಾಂಕ್ರೀಟು ಹಲಗೆಗಳ ಕೋಣೆ 36 ಡಿಗ್ರಿಯವರೆಗೆ ಕಾಯಿತು. ಹಗಲಿನ ತಾಪವನ್ನು ದಪ್ಪ ಗೋಡೆ ಹೀರಿಕೊಂಡು ತಡವಾಗಿ ಒಳಗೆ ಬಿಡುತ್ತದೆ. ಅಷ್ಟರಲ್ಲಿ ಮರುಭೂಮಿಯ ತಂಪಾದ ರಾತ್ರಿ ಬಂದಿರುತ್ತದೆ.

ಆದರೂ ಈ ಗ್ರಂಥದ ಕಥೆ ಸೋಲಿನ ಕಥೆ. ಲಕ್ಸರ್ ಬಳಿಯ ಪ್ರಾಚೀನ ಸಮಾಧಿಗಳ ಮೇಲೆಯೇ ವಾಸವಾಗಿದ್ದ ಗುರ್ನಾ ಗ್ರಾಮಸ್ಥರನ್ನು ಬೇರೆಡೆಗೆ ಸಾಗಿಸಲು ಸರ್ಕಾರ ನಿರ್ಧರಿಸಿ, ಹೊಸ ಊರನ್ನು ಕಟ್ಟುವ ಹೊಣೆಯನ್ನು ಫಾತಿಯವರಿಗೆ ವಹಿಸಿತು. 1945ರ ಸುಮಾರಿಗೆ ಆರಂಭವಾದ ಕೆಲಸ ಮೂರೇ ವರ್ಷಗಳಲ್ಲಿ ನಿಂತುಹೋಯಿತು. ಸಮಾಧಿಗಳಲ್ಲಿ ಸಿಗುತ್ತಿದ್ದ ಒಡವೆ ವಸ್ತುಗಳೂ ನೋಡಲು ಬರುತ್ತಿದ್ದ ಪ್ರವಾಸಿಗಳೂ ಆ ಜನರ ಜೀವನಾಧಾರವಾಗಿದ್ದುವು. ಅದನ್ನು ಬಿಟ್ಟು ಅವರು ಬರಲಿಲ್ಲ.

ಗ್ರಂಥದ ದೋಷ ನನಗೆ ಕಾಣುವುದು ಇಲ್ಲಿಯೇ. ಅಧಿಕಾರಿಗಳ ಉದಾಸೀನವನ್ನು ಲೇಖಕರು ಪುಟಗಟ್ಟಲೆ ಬಣ್ಣಿಸುತ್ತಾರೆ; ಹಳ್ಳಿಯವನ ‘ಬೇಡ’ ಎಂಬ ಮಾತಿಗೆ ಅಷ್ಟು ತಾಳ್ಮೆಯಿಂದ ಕಿವಿಗೊಡುವುದಿಲ್ಲ. ಅವರಿಗೆ ಪ್ರಿಯವಾದ ಗುಮ್ಮಟ ಆ ಸೀಮೆಯ ಜನಕ್ಕೆ ಗೋರಿಯನ್ನು ನೆನಪಿಗೆ ತರುತ್ತಿತ್ತೆಂದು ಮುಂದಿನ ವಿಮರ್ಶಕರು ತೋರಿಸಿದ್ದಾರೆ. ಸಾಮಗ್ರಿ ಹವೆಗೆ ಒಪ್ಪಿದರೆ ಸಾಲದು, ವಾಸಮಾಡುವವನ ಮನಸ್ಸೂ ಅದನ್ನು ಒಪ್ಪಬೇಕು.

ಹಾಗೆಂದು ಫಾತಿಯವರನ್ನು ಅನುಕರಿಸಿ ನಮ್ಮಲ್ಲಿಯೂ ಎಲ್ಲೆಡೆ ಮಣ್ಣಿನ ಗುಮ್ಮಟ ಎಬ್ಬಿಸುವುದು ಅವಿವೇಕವಾದೀತು. ಆಗುಂಬೆಯ ಒಂದು ಮಳೆಗಾಲವನ್ನು ಅದು ತಡೆಯಲಾರದು. ಬಿಸಿಲಿನ ಬಯಲುಸೀಮೆಗೆ ದಪ್ಪ ಗೋಡೆಯ, ಮಣ್ಣು ಹರಡಿದ ಮಾಳಿಗೆ ಮನೆ ಸಲ್ಲುತ್ತದೆ. ಕರಾವಳಿಗೆ ಮುರಕಲ್ಲಿನ ಗೋಡೆ, ಕಡಿದಾದ ಹಂಚಿನ ಸೂರು ಬೇಕು. ಆ ಮಂಗಳೂರು ಹಂಚಾದರೂ ಹಳೆಯದೇನಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಅದರ ಕಾರ್ಖಾನೆ ತೆರೆದರು. ಹೊರಗಿನ ವಿದ್ಯೆಯೇ ಆದರೂ ಅಲ್ಲಿನ ಜೇಡಿಮಣ್ಣಿಗೆ, ಅಲ್ಲಿನ ಮಳೆಗೆ ಹೊಂದಿದ್ದರಿಂದ ಜನ ಅದನ್ನು ತಮ್ಮದೆಂದುಕೊಂಡರು. ಹೊಸದೆಂಬ ಕಾರಣಕ್ಕೆ ಬಿಡಬೇಕಾಗಿಲ್ಲ. ಹಳೆಯದೆಂಬ ಕಾರಣಕ್ಕೆ ಹಿಡಿಯಬೇಕಾಗಿಯೂ ಇಲ್ಲ.

ಭಾಷೆಯ ಅಧ್ಯಾಪಕನಾಗಿ ಒಂದು ಮಾತನ್ನು ಸೇರಿಸುತ್ತೇನೆ. ಮಣ್ಣಿನ ಗೋಡೆಯ ಮನೆಗೆ ನಾವು ‘ಕಚ್ಚಾ’ ಎನ್ನುತ್ತೇವೆ, ಸಿಮೆಂಟಿನದಕ್ಕೆ ‘ಪಕ್ಕಾ’. ಚೈತ್ರ ವೈಶಾಖಗಳ ಮಧ್ಯಾಹ್ನ ತಾರಸಿಯ ಕೆಳಗೆ ಬೆಂದು, ವಿದ್ಯುತ್ತಿನ ತಂಪಿಗೆ ತಿಂಗಳು ತಿಂಗಳು ದುಡ್ಡು ತೆರುತ್ತ, ಅದೇ ಪಕ್ಕಾ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಯಾವ ಮನೆ ಕಚ್ಚಾ, ಯಾವುದು ಪಕ್ಕಾ ಎಂದು ಮತ್ತೊಮ್ಮೆ ಯೋಚಿಸುವಂತೆ ಮಾಡುವ ಈ ಗ್ರಂಥ ಮನೆ ಕಟ್ಟಲು ಹೊರಟವರೆಲ್ಲರೂ ಓದತಕ್ಕದ್ದು. ಕನ್ನಡದಲ್ಲಿ ಇಂಥ ಬರವಣಿಗೆ ನಮ್ಮ ನೆಲದ ಕಲ್ಲು ಮಣ್ಣುಗಳನ್ನು ಕುರಿತು ಇನ್ನೂ ಹೆಚ್ಚಾಗಿ ಬರಬೇಕು.