ಎಂಜಿನ್ ಒಳಗೋ, ಹೊರಗೋ?

ಅಮೆರಿಕದ ಸೀ ರೇ ಕಂಪನಿಯ ಎಸ್‌ಪಿಎಕ್ಸ್ 190 ಎಂಬ ಫೈಬರ್‌ಗ್ಲಾಸ್ ದೋಣಿ ಎರಡು ಬಗೆಯಲ್ಲಿ ಬಂದಿದೆ. ಮುಂದಿನಿಂದ ನೋಡಿದರೆ ಅವಳಿ ಜವಳಿ: ಮೂತಿಯಲ್ಲಿ ಕಾಲು ಚಾಚಿ ಕೂರುವ ಆಸನ, ನಡುವೆ ಗಾಳಿ ತಡೆಯುವ ಗಾಜು, ಅದರ ಹಿಂದೆ ಚಾಲಕನ ಜಾಗ. ವ್ಯತ್ಯಾಸವೆಲ್ಲ ಹಿಂಭಾಗದಲ್ಲಿ. ಒಂದರಲ್ಲಿ ಎಂಜಿನ್ ಮೆತ್ತೆಯ ಕೆಳಗೆ ಅಡಗಿ ಕೂತಿದೆ, ಅದು ಸ್ಟರ್ನ್‌ಡ್ರೈವ್. ಇನ್ನೊಂದರಲ್ಲಿ ದೋಣಿಯ ಬೆನ್ನಿಗೆ ಹೊರಗಡೆ ಬಿಗಿದಿದೆ, ಅದು ಔಟ್‌ಬೋರ್ಡ್.

ಮೊದಲ ನೋಟಕ್ಕೆ ಮನಸ್ಸು ಸೋಲುವುದು ಸ್ಟರ್ನ್‌ಡ್ರೈವ್‌ಗೇ. ಹಿಂದೆ ಅಡ್ಡಲಾಗಿ ತಡೆಯಿಲ್ಲದ ಕಟ್ಟೆ. ಅಜ್ಜಿ ಅಲ್ಲಿ ಕೂತು ನೀರಿಗೆ ಕಾಲು ಇಳಿಬಿಡಬಹುದು, ಮೊಮ್ಮಕ್ಕಳು ಪಕ್ಕದಿಂದ ಧುಮುಕಬಹುದು. ಔಟ್‌ಬೋರ್ಡ್‌ನಲ್ಲಿ ಮೋಟಾರು ಈ ಕಟ್ಟೆಯನ್ನು ನಡುವೆ ಸೀಳುತ್ತದೆ. ನೀರಿನಾಟಕ್ಕೆ ಎಳೆಯುವ ಹಗ್ಗಕ್ಕೂ ಅದು ಅಡ್ಡ. ಈ ನಷ್ಟ ಸಣ್ಣದಲ್ಲ.

1959ರಲ್ಲಿ ವೋಲ್ವೊ ಪೆಂಟಾದ ಅಕ್ವಾಮ್ಯಾಟಿಕ್ ಎಂಬ ಸ್ಟರ್ನ್‌ಡ್ರೈವ್ ಬಂದ ಮೇಲೆ ದಶಕಗಳ ಕಾಲ ಕುಟುಂಬದ ದೋಣಿಯೆಂದರೆ ಸ್ಟರ್ನ್‌ಡ್ರೈವ್ ಎಂಬಂತಾಗಿತ್ತು. ಆಗಿನ ಟು-ಸ್ಟ್ರೋಕ್ ಔಟ್‌ಬೋರ್ಡ್‌ಗಳ ಹೊಗೆ, ಸದ್ದು ನೆನೆದರೆ ಅದು ಸಹಜವೇ. ಈಗಿನ ಫೋರ್-ಸ್ಟ್ರೋಕ್ ಮೋಟಾರಿಗೆ ಆ ದೂರು ಸಲ್ಲುವುದಿಲ್ಲ. ತೂಕವೂ ಅತಿಯಲ್ಲ: 3 ಲೀಟರಿನ ಮರ್ಕ್ಯುರಿ 150 ಔಟ್‌ಬೋರ್ಡ್ 206 ಕಿಲೋ ಅಷ್ಟೇ.

ಕೊಳ್ಳುವ ದಿನ ಕಾಣದ ಸಂಗತಿಗಳು ಕಟ್ಟೆಯ ಕೆಳಗಿವೆ. ಸ್ಟರ್ನ್‌ಡ್ರೈವ್‌ನ ಕಾಲು, ಅಂದರೆ ಪ್ರೊಪೆಲ್ಲರ್ ಹೊತ್ತ ಭಾಗ, ದೋಣಿಯ ಹಿಂಗೋಡೆ ದಾಟಿ ಹೊರಬರುವ ಕಡೆ ನೀರು ತಡೆಯಲು ಮಡಿಕೆ ಮಡಿಕೆಯಾದ ರಬ್ಬರ್ ಚೀಲಗಳಿವೆ. ರಬ್ಬರ್ ಹಳತಾಗಿ ಹರಿದರೆ ನೀರು ದೋಣಿಯೊಳಕ್ಕೇ ನುಗ್ಗಬಹುದು. ಬದಲಿಸಬೇಕೆಂದರೆ ದೋಣಿಯನ್ನು ದಡಕ್ಕೆ ತಂದು ಕಾಲನ್ನೇ ಕಳಚಬೇಕು. ಮಿಷಿಗನ್‌ನಂಥ ಚಳಿಯ ಸೀಮೆಯಲ್ಲಿ ಎಂಜಿನ್ನಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎರಕದ ಕಬ್ಬಿಣವೇ ಬಿರಿಯುತ್ತದೆ. ಔಟ್‌ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ನೀರು ತಾನೇ ಬಸಿದುಹೋಗುತ್ತದೆ. ಫ್ಲಾರಿಡಾದ ಉಪ್ಪುನೀರಿನಲ್ಲಿ ನಿಲ್ಲುವ ದೋಣಿಗಂತೂ ಮೋಟಾರನ್ನು ಪೂರ್ತಿ ಮೇಲೆತ್ತಿಡುವ ಅನುಕೂಲ ದೊಡ್ಡದು.

ಇದಕ್ಕಿಂತ ಮುಖ್ಯವಾದದ್ದು ನಾಲ್ಕು ನಿಮಿಷದ ಲೆಕ್ಕ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮುಚ್ಚಿದ ಎಂಜಿನ್ ಗೂಡಿನ ತಳದಲ್ಲಿ ಅದು ಕೂತಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ಕೀಲಿ ತಿರುಗಿಸುವ ಮೊದಲು ಆ ಆವಿಯನ್ನು ಹೊರದಬ್ಬುವ ಬ್ಲೋವರನ್ನು 4 ನಿಮಿಷ ಓಡಿಸಬೇಕೆಂದು ಚಾಲಕನ ಮುಂದೆ ಎಚ್ಚರಿಕೆ ಅಂಟಿಸಿರುತ್ತಾರೆ. ಸಂಜೆಯಾಗಿದೆ, ಈಜಿ ಬಂದ ಮಗು ಟವೆಲ್ ಸುತ್ತಿಕೊಂಡು ಹಲ್ಲು ಕಟಕಟಿಸುತ್ತಿದೆ, ಇನ್ನೊಂದಕ್ಕೆ ಹಸಿವು, ಪಡುವಣದಲ್ಲಿ ಮೋಡ. ಆ ಹೊತ್ತಿನಲ್ಲಿ ನಾಲ್ಕು ನಿಮಿಷ ಕಾಯುವುದು ಎಂಥ ಜಾಗರೂಕ ತಂದೆಗೂ ಕಷ್ಟ. ಔಟ್‌ಬೋರ್ಡ್‌ನ ಎಂಜಿನ್ ಬಯಲಿನಲ್ಲಿರುವುದರಿಂದ ಅಂಥ ಗೂಡೇ ಇಲ್ಲ.

ಹಾಗೆಂದು ಔಟ್‌ಬೋರ್ಡ್ ನಿರಪಾಯವೇನಲ್ಲ. ನೀರಿಗಿಳಿದವರ ಕಾಲಿಗೆ ಎರಡರ ಪ್ರೊಪೆಲ್ಲರೂ ಒಂದೇ. ಏಣಿ ಇಳಿಸುವ ಮುನ್ನ ಎಂಜಿನ್ ನಿಂತಿರಲೇಬೇಕು.

ಸಿಹಿನೀರಿನ ಸರೋವರ, ಪ್ರತಿ ಸಂಜೆ ಟ್ರೇಲರ್ ಮೇಲೆ ಮನೆಗೆ ಮರಳುವ ದೋಣಿ, ಶಿಸ್ತಿನ ಆರೈಕೆ ಇಷ್ಟಿದ್ದರೆ ಸ್ಟರ್ನ್‌ಡ್ರೈವ್‌ನ ಅಗಲ ಕಟ್ಟೆಯನ್ನು ಆರಿಸಿಕೊಂಡವರು ತಪ್ಪು ಮಾಡಿದಂತಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಮಾತ್ರ ಔಟ್‌ಬೋರ್ಡೇ ಮೇಲು. ಎಂಜಿನ್ ಹೊರಗೆ ಹೋದ ಮೇಲೆ ಮೆತ್ತೆಯ ಕೆಳಗೆ ಒಳ್ಳೆಯ ಜಾಗ ಉಳಿಯುತ್ತದೆ. ಮಕ್ಕಳ ಲೈಫ್ ಜಾಕೆಟ್, ಹಗ್ಗ, ಒಣ ಬಟ್ಟೆಯ ಚೀಲ ಎಲ್ಲವೂ ಅಲ್ಲಿ ಕೈಗೆ ಸಿಗುವಂತೆ ಹಿಡಿಯುತ್ತವೆ.