ಕಾಗದದಲ್ಲಿ ಉಳಿದ ಮುತ್ತಜ್ಜಿ

ನಮ್ಮ ಅನೇಕ ಮನೆಗಳಲ್ಲಿ ಒಂದು ಶಜರಾ ಇರುತ್ತದೆ. ಮಗ, ಅಪ್ಪ, ಅಜ್ಜ, ಮುತ್ತಜ್ಜ ಎಂದು ಏರುತ್ತಾ ಹೋಗುವ ಆ ಉರ್ದು ವಂಶಾವಳಿ ಕೊನೆಗೆ ಬಗ್ದಾದನ್ನೋ ಮದೀನಾವನ್ನೋ ಮುಟ್ಟಿ ನಿಲ್ಲುತ್ತದೆ. ಅದರಲ್ಲಿ ಹೆಂಗಸಿನ ಹೆಸರು ಸಿಗುವುದು ಅಪರೂಪ. ಗೈಯೂತ್ರಾ ಬಹಾದುರ್ ಅವರ ‘ಕೂಲಿ ವುಮನ್’ (2013) ಓದುವಾಗ ಆ ಶಜರಾ ನನ್ನನ್ನು ಬಿಡದೆ ಕಾಡಿತು.

ಲೇಖಕಿ ಗಯಾನಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ ಪತ್ರಕರ್ತೆಯಾದವರು. ಅವರ ಮುತ್ತಜ್ಜಿ ಸುಜಾರಿಯಾ 1903ರಲ್ಲಿ ಕಲ್ಕತ್ತಾದಿಂದ ‘ಕ್ಲೈಡ್’ ಹಡಗು ಹತ್ತಿ ಬ್ರಿಟಿಷ್ ಗಯಾನಾಕ್ಕೆ ಹೋದಳು. ಆಕೆಯ ವಲಸೆ ಪಾಸಿನಲ್ಲಿ ವಯಸ್ಸು 27, ಜಾತಿ ಬ್ರಾಹ್ಮಣ, ನಾಲ್ಕು ತಿಂಗಳ ಗರ್ಭಿಣಿ, ಎಡಗಾಲಲ್ಲಿ ಸುಟ್ಟ ಗಾಯದ ಗುರುತು ಎಂದಿದೆ. ಜೊತೆಯಲ್ಲಿ ಗಂಡನಿಲ್ಲ. ಹಡಗಿನಲ್ಲೇ ಹುಟ್ಟಿದ ಮಗು ಲೇಖಕಿಯ ಅಜ್ಜ.

ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1838ರಿಂದ 1917ರವರೆಗೆ ಸುಮಾರು 2,40,000 ಭಾರತೀಯರು ಕರಾರಿನ ಮೇಲೆ ಗಯಾನಾಕ್ಕೆ ಸಾಗಿದರು. 100 ಗಂಡಸರಿಗೆ 40 ಹೆಂಗಸರಿರಬೇಕೆಂಬ ನಿಯಮ ಬಂದಾಗ, ಒಂಟಿ ಹೆಂಗಸನ್ನು ಹುಡುಕುವುದೇ ದಲ್ಲಾಳಿಗಳ ಕಸುಬಾಯಿತು. ಪಾಸು ಬರೆದದ್ದು ಪ್ರೀತಿಯಿಂದಲ್ಲ, ಆಳು ಓಡಿಹೋದರೆ ಹಿಡಿಯಲು. ಆ ಪಾಸುಗಳ ಜಾತಿಯ ಅಂಕಣದಲ್ಲೇ ‘ಮುಸಲ್ಮಾನ್’ ಎಂದೂ ಬರೆದಿದ್ದಾರೆ. ಇಸ್ಲಾಮ್ ಕೂಡ ಗುಮಾಸ್ತನಿಗೆ ಒಂದು ಜಾತಿಯೇ.

ಗಾಯದ ಗುರುತನ್ನು ಬರೆದುಕೊಂಡ ಗುಮಾಸ್ತ ಗಾಯ ಹೇಗಾಯಿತೆಂದು ಕೇಳಲಿಲ್ಲ. ಆಕೆ ವಿಧವೆಯೇ, ಬಿಟ್ಟುಬಂದವಳೇ, ಮೋಸಕ್ಕೆ ಸಿಕ್ಕವಳೇ? ಕಾಗದ ಹೇಳುವುದಿಲ್ಲ. ಬಿಹಾರದ ಹಳ್ಳಿಗೂ ಹೋಗಿಬಂದ ಲೇಖಕಿ, ಕೊನೆಗೆ ತಮ್ಮ ಪ್ರಶ್ನೆಗಳನ್ನು ಪ್ರಶ್ನೆಗಳಾಗಿಯೇ ಉಳಿಸುತ್ತಾರೆ.

ಇದೇ ಈ ಪುಸ್ತಕದ ಶೀಲ ಎಂದು ನನಗನ್ನಿಸಿತು. ಗ್ಯಾಂಬಿಯಾದ ಮುಸ್ಲಿಮ್ ಪೂರ್ವಜ ಕುಂಟಾ ಕಿಂಟೆಯ ಜಾಡು ಹಿಡಿದ ಅಲೆಕ್ಸ್ ಹೇಲಿಯ ‘ರೂಟ್ಸ್’ (1976) ಲೋಕವನ್ನೇ ಕಲಕಿತು. ಆದರೆ ಮುಂದೆ ವಂಶಾವಳಿ ತಜ್ಞರು ವರ್ಜೀನಿಯಾದ ದಾಖಲೆಗಳನ್ನು ತೆರೆದಾಗ ಅವು ಆ ಕಥೆಗೆ ಒಪ್ಪಲಿಲ್ಲ. ಕಥೆ ಬರೆಯುವ ನನಗೆ ಹೇಲಿಯ ಆಸೆ ಗೊತ್ತು. ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಸುಜಾರಿಯಾಗೆ ಒಬ್ಬ ಕ್ರೂರ ಅತ್ತೆಯನ್ನು ಕೊಟ್ಟರೆ ಸಾಕು, ಆ ಗಾಯದ ಕಥೆ ಮುಗಿಯುತ್ತದೆ. ಆದರೆ ಅಲ್ಲಿಗೆ ಆಕೆ ನನ್ನ ಪಾತ್ರವಾಗುತ್ತಾಳೆಯೇ ಹೊರತು ಯಾರದೋ ಮುತ್ತಜ್ಜಿಯಾಗಿ ಉಳಿಯುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಪ್ರಶ್ನೆಯ ಹಿಂದೆ ಪ್ರಶ್ನೆ ಪುಟಗಟ್ಟಲೆ ಬಂದಾಗ ಓದು ದಣಿಯುತ್ತದೆ. ಕೆಲವು ಪ್ರಶ್ನೆಗಳಂತೂ ಉತ್ತರವನ್ನು ಮಡಿಲಲ್ಲಿ ಕಟ್ಟಿಕೊಂಡೇ ಬರುತ್ತವೆ. ಆದರೂ ತೋಟಗಳಲ್ಲಿ ಗಂಡಂದಿರ ಕತ್ತಿಗೆ ಬಲಿಯಾದ ಹೆಂಗಸರನ್ನು ದಫ್ತರಗಳಿಂದ ಎತ್ತಿ ತರುವಾಗ ಲೇಖಕಿಯ ದನಿ ನಡುಗುವುದಿಲ್ಲ, ಯಾರನ್ನೂ ದೇವತೆ ಮಾಡುವುದೂ ಇಲ್ಲ.

ಪುಸ್ತಕ ಮುಚ್ಚಿದ ಮೇಲೆ ಒಂದು ಕಹಿ ಉಳಿಯಿತು. ದುಡಿಸಿಕೊಳ್ಳಲು ಬರೆದ ಕಾಗದ ಒಬ್ಬ ಹೆಂಗಸಿನ ಹೆಸರು, ವಯಸ್ಸು, ಗಾಯ ಎಲ್ಲವನ್ನೂ ಕಾಪಾಡಿದೆ. ಅಭಿಮಾನದಿಂದ ಬರೆದ ನಮ್ಮ ಶಜರಾ ತನ್ನ ತಾಯಂದಿರನ್ನೇ ಮರೆತಿದೆ. ಅರೇಬಿಯಾದವರೆಗೆ ಹೋಗುವ ಮೊದಲು ನಾವು ಅಜ್ಜಿಯ ಅಮ್ಮನ ಹೆಸರೇನು ಎಂದು ಮನೆಯಲ್ಲೇ ಕೇಳಬೇಕಾಗಿದೆ. ಹೇಳಬಲ್ಲವರು ಇನ್ನೂ ಬದುಕಿದ್ದರೆ, ಇಂದೇ.